ಒಂದೇ ಕಡೆಗೆ ತಪ್ಪುವ ಲೆಕ್ಕ

ನಮ್ಮ ಕಚೇರಿಯಲ್ಲಿ ಎರಡು ಭೂಮಿಗಳಿದ್ದವು. ಒಂದು ದೊಡ್ಡದು, ಒಂದು ಚಿಕ್ಕದು. ಎರಡೂ ಕಂಪ್ಯೂಟರಿನೊಳಗೆ ಲೆಕ್ಕದಲ್ಲಿ ಕಟ್ಟಿದವು. ದೊಡ್ಡದಕ್ಕೆ ಬೇರೆಯದೇ ಕಟ್ಟಡ, ಹಗಲಿರುಳು ತಣ್ಣಗಿಡುವ ಯಂತ್ರಗಳು, ಒಳಗೆ ಹೋಗಲು ಚೀಟಿ. ಮುಂದಿನ ನೂರು ವರ್ಷದ ಹವೆ ಹೇಗಿದ್ದೀತು ಎಂದು ಅದನ್ನು ಕೇಳಿದರೆ ಉತ್ತರ ಬರಲು ಮೂರು ತಿಂಗಳು ಹಿಡಿಯುತ್ತಿತ್ತು. ಚಿಕ್ಕದು ಎರಡನೇ ಮಹಡಿಯ ಮೂಲೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲಿದ್ದ ಸಾಧಾರಣ ಕಂಪ್ಯೂಟರಿನಲ್ಲಿತ್ತು. ಬರೆದು ಮುದ್ರಿಸಿದರೆ ಇಪ್ಪತ್ತೆರಡು ಪುಟ. ಪ್ರಶ್ನೆ ಕೇಳಿ ಲೋಟ ಎತ್ತಿ ಒಂದು ಗುಟುಕು ನೀರು ಕುಡಿದು ಕೆಳಗಿಡುವಷ್ಟರಲ್ಲಿ ಉತ್ತರ ಕೊಡುತ್ತಿತ್ತು.

ಆ ಮೇಜಿನ ಹಿಂದೆ ಕೂರುತ್ತಿದ್ದವಳನ್ನು ಇಡೀ ಕಚೇರಿ ‘ಚಿಕ್ಕದರ ಅಮ್ಮ’ ಎನ್ನುತ್ತಿತ್ತು. ನಾನು ಅಕ್ಕ ಎನ್ನುತ್ತಿದ್ದೆ. ನನ್ನದು ಎದುರಿನ ಮೇಜು, ಟಪಾಲು ವಿಭಾಗ. ಊರೂರಿನ ಪುರಸಭೆಗಳು, ನೀರಿನ ಮಂಡಳಿಗಳು, ಬಂದರು ಕಚೇರಿಗಳು ನಮಗೆ ಪತ್ರ ಬರೆಯುತ್ತಿದ್ದವು. ಇನ್ನು ಮೂವತ್ತು ವರ್ಷಕ್ಕೆ ನಮ್ಮ ಕಡೆ ಸೆಖೆ ಎಷ್ಟಾದೀತು, ಕಟ್ಟೆ ಎಷ್ಟು ಎತ್ತರ ಕಟ್ಟಬೇಕು, ಕೆರೆ ಎಷ್ಟು ದೊಡ್ಡದಿರಬೇಕು. ದೊಡ್ಡದಕ್ಕೆ ಇಂಥ ಪ್ರಶ್ನೆಗಳಿಗೆ ಪುರುಸೊತ್ತಿಲ್ಲ. ಚಿಕ್ಕದು ಹೇಳುತ್ತಿತ್ತು, ಅಕ್ಕ ಬರೆದು ಸಹಿ ಹಾಕುತ್ತಿದ್ದಳು, ನಾನು ಲಕೋಟೆಗೆ ಹಾಕಿ ಕಳಿಸುತ್ತಿದ್ದೆ. ಹತ್ತೊಂಬತ್ತು ವರ್ಷ ಹಾಗೇ ನಡೆಯಿತು.

ಅಕ್ಕ ವಿಜ್ಞಾನ ಓದಿದವಳಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಟೈಪಿಸ್ಟ್ ಆಗಿ ಬಂದವಳು. ಹಳೆಯ ಹಡಗುಗಳ ದಿನಚರಿ ಪುಸ್ತಕಗಳಲ್ಲಿ ನಾವಿಕರು ಗೀಚಿಟ್ಟಿದ್ದ ಗಾಳಿಯ ವೇಗ, ನೀರಿನ ಬಿಸಿಯನ್ನೆಲ್ಲ ಕಂಪ್ಯೂಟರಿಗೆ ತುಂಬುವುದು ಅವಳ ಕೆಲಸ. ತುಂಬುತ್ತಾ ತುಂಬುತ್ತಾ, ‘ಈ ಹಡಗಿನವನು ಮಂಗಳವಾರಗಳಲ್ಲಿ ಅಳತೆಯನ್ನೇ ಮಾಡಿಲ್ಲ, ಸೋಮವಾರದ್ದನ್ನೇ ನಕಲು ಹೊಡೆದಿದ್ದಾನೆ’ ಎಂದು ಕಂಡುಹಿಡಿದಳು. ನೂರು ವರ್ಷದ ಹಿಂದೆ ಸತ್ತ ನಾವಿಕನ ಸೋಮಾರಿತನ ಹಿಡಿದವಳನ್ನು ನೋಡಿ ಚಿಕ್ಕದನ್ನು ಬರೆದ ಮೇಷ್ಟ್ರು ತಮ್ಮ ಪಕ್ಕಕ್ಕೆ ಕರೆಸಿಕೊಂಡರು. ಅವರು ಮೊದಲು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರಾದ್ದರಿಂದ ಆ ಹೆಸರು. ಹನ್ನೆರಡು ವರ್ಷ ಅವಳಿಗೆ ಕಲಿಸಿ, ನಿವೃತ್ತರಾಗುವಾಗ ಚಿಕ್ಕದನ್ನು ಅವಳ ಮಡಿಲಿಗೆ ಹಾಕಿ ಹೋದರು.

ಚಿಕ್ಕದರ ಒಳಗೇನಿದೆ ಎಂದು ನಾನೊಮ್ಮೆ ಕೇಳಿದ್ದೆ. ಅವಳು ಹಳೆಯ ಲಕೋಟೆಯ ಹಿಂದೆ ಐದು ಚೌಕ ಎಳೆದಳು. “ಇವು ತೊಟ್ಟಿಗಳು ಅಂದ್ಕೋ. ಗಾಳಿ ಒಂದು ತೊಟ್ಟಿ, ಮೇಲಿನ ಸಮುದ್ರ ಒಂದು, ಆಳದ ಸಮುದ್ರ ಒಂದು, ಗಿಡಮರ ಒಂದು, ಮಣ್ಣು ಒಂದು. ಇಂಗಾಲ ಈ ತೊಟ್ಟಿಯಿಂದ ಆ ತೊಟ್ಟಿಗೆ ಓಡಾಡ್ತಾ ಇರುತ್ತೆ. ನಾವು ಕಲ್ಲಿದ್ದಲು, ಎಣ್ಣೆ ಸುಟ್ಟು ಗಾಳಿ ತೊಟ್ಟಿಗೆ ಸುರೀತೀವಿ. ಅರ್ಧ ಅಲ್ಲೇ ಉಳಿಯುತ್ತೆ, ಅರ್ಧ ಸಮುದ್ರ, ಗಿಡ, ಮಣ್ಣು ಹಂಚ್ಕೊಳ್ತವೆ. ಉಳಿದಿದ್ದು ಭೂಮಿನ ಬಿಸಿ ಮಾಡುತ್ತೆ. ಇಷ್ಟೇ.”

“ಇಷ್ಟೇನಾ?”

“ಇಷ್ಟೇ. ಆದ್ರೆ ಬಿಸಿಯಾದ ಮೇಲೆ ಆ ತೊಟ್ಟಿಗಳು ಮೊದಲಿನ ಹಾಗೇ ಹಂಚ್ಕೊಳ್ತವಾ ಅನ್ನೋದೇ ಪ್ರಶ್ನೆ.”

ಅವಳ ಮನೆಯಲ್ಲಿ ಗಂಡ ಮತ್ತು ಅತ್ತೆ. ಗಂಡ ಊರಿನ ನೀರು ಸರಬರಾಜಿನಲ್ಲಿ ವಾಲ್ವ್‌ಮ್ಯಾನ್. ಉದ್ದನೆಯ ಕಬ್ಬಿಣದ ಕೀಲಿಕೈ ಹಿಡಿದು ಬೀದಿಬೀದಿ ತಿರುಗಿ ನೀರು ಬಿಡುವವನು. ಅತ್ತೆಗೆ ಸೊಸೆಯ ಕೆಲಸವೆಂದರೆ ತಮಾಷೆ. “ಐವತ್ತು ವರ್ಷ ಆದ್ಮೇಲೆ ಹೇಗಿರುತ್ತೆ ಅಂತ ಹೇಳ್ತಾಳಂತೆ! ನಾಳೆ ಬಟ್ಟೆ ಒಣಗುತ್ತೇನೇ ಅಂದ್ರೆ ಗೊತ್ತಿಲ್ವಂತೆ!” ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಅಕ್ಕನೂ ನಗುತ್ತಿದ್ದಳು. ಆಗ ಅವಳು ನಗುತ್ತಿದ್ದಳು ಎಂಬುದನ್ನು ಬರೆದಿಡಬೇಕೆನ್ನಿಸಿತು.

*

ಪ್ರತಿ ವರ್ಷ ಮೊದಲ ತಿಂಗಳಲ್ಲಿ, ದೂರದ ಬೆಟ್ಟದ ಮೇಲಿನ ಅಳತೆ ಠಾಣೆಯಿಂದ ಒಂದು ಸಂಖ್ಯೆ ಬರುತ್ತದೆ. ಹಿಂದಿನ ವರ್ಷ ಗಾಳಿಯಲ್ಲಿ ಎಷ್ಟು ಇಂಗಾಲವಿತ್ತು ಎಂಬ ಅಳತೆ. ಅದನ್ನು ಚಿಕ್ಕದು ಹೇಳಿದ್ದರ ಪಕ್ಕದಲ್ಲಿಟ್ಟು ನೋಡುವುದು ವಾಡಿಕೆ. ಆ ವರ್ಷ ಅಳತೆ ಬಂದಾಗ ಚಿಕ್ಕದು ಸ್ವಲ್ಪ ಕಡಿಮೆ ಹೇಳಿತ್ತು. ಸ್ವಲ್ಪವೆಂದರೆ ಸ್ವಲ್ಪವೇ, ಯಾರೂ ತಲೆ ಕೆಡಿಸಿಕೊಳ್ಳುವಂಥದ್ದಲ್ಲ.

ನಮ್ಮ ಮುಖ್ಯಸ್ಥರು ಕೆಟ್ಟವರಲ್ಲ. ಫೈಲು ಮುಚ್ಚಿದರೆ ನಿದ್ದೆ ಬರುತ್ತದೆ ಎನ್ನುವ ಜಾತಿ. ಬಂದವರೇ, “ಆ ಮಣ್ಣಿನ ಸಾಲು ಇದೆಯಲ್ಲ, ಅದನ್ನೇ ಒಂಚೂರು ತಿರುಗಿಸಿಬಿಡಿ. ಸರಿಹೋಗುತ್ತೆ” ಎಂದರು.

ಆ ಸಾಲು ನನಗೂ ಗೊತ್ತಿತ್ತು. ಮೇಷ್ಟ್ರು ಬರೆದದ್ದು. ಮಣ್ಣು ಬಿಸಿಯಾದಷ್ಟೂ ಅದರಲ್ಲಿನ ಹುಳುಹುಪ್ಪಟೆ, ಸೂಕ್ಷ್ಮಜೀವಿಗಳು ಚುರುಕಾಗಿ ಹೆಚ್ಚು ಇಂಗಾಲ ಉಸಿರಾಡಿ ಗಾಳಿಗೆ ಬಿಡುತ್ತವೆ. ಎಷ್ಟು ಬಿಡುತ್ತವೆ ಎಂದು ಲೆಕ್ಕ ಹೇಳಿದ್ದಕ್ಕೆ ಅವರು ಒಂದು ಕಡಿವಾಣ ಹಾಕಿದ್ದರು: ನೂರರಲ್ಲಿ ನಲವತ್ತನ್ನು ಮಾತ್ರ ಲೆಕ್ಕಕ್ಕೆ ತಗೋ ಎಂದು. ಪಕ್ಕದಲ್ಲಿ ಅವರದೇ ಟಿಪ್ಪಣಿ: ‘ಸದ್ಯಕ್ಕೆ ಹೀಗಿರಲಿ.’ ಆ ‘ಸದ್ಯ’ಕ್ಕೆ ಆಗಲೇ ಇಪ್ಪತ್ತು ವರ್ಷ ದಾಟಿತ್ತು. ಈಚೆಗೆ ಅಳತೆ ಹೊಂದದಿದ್ದಾಗಲೆಲ್ಲ ಅಕ್ಕ ಆ ನಲವತ್ತನ್ನು ನಲವತ್ತಮೂರು, ನಲವತ್ತೇಳು ಎಂದು ಏರಿಸಿ ಸರಿಮಾಡುತ್ತಿದ್ದಳು.

ಅಕ್ಕ ಕುರ್ಚಿಯಿಂದ ಏಳಲಿಲ್ಲ. “ಸರ್, ನಾಲ್ಕು ವರ್ಷದಿಂದ ನಾನು ಇದನ್ನ ಒಂದೇ ಕಡೆಗೆ ತಿರುಗಿಸ್ತಾ ಇದೀನಿ.”

“ಹಾಗಾದ್ರೆ ಐದನೇ ಸಲ ತಿರುಗಿಸಿ, ಅದಕ್ಕೇನು?”

“ಲೆಕ್ಕ ತಪ್ಪೋದು ಸಹಜ ಸರ್. ಆದ್ರೆ ಒಂದ್ಸಲ ಆ ಕಡೆ, ಒಂದ್ಸಲ ಈ ಕಡೆ ತಪ್ಪಬೇಕು. ನಾಲ್ಕು ಸಲವೂ ಒಂದೇ ಕಡೆಗೆ ತಪ್ಪಿದ್ರೆ ಅದು ತಪ್ಪಲ್ಲ. ಏನೋ ನಡೀತಾ ಇದೆ.”

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡರು. ಏನು ನಡೆಯುತ್ತಿದೆ ಎಂದು ಅವರು ಕೇಳಲಿಲ್ಲ. ಕಿಟಕಿಯಾಚೆ ರಸ್ತೆಬದಿಯ ಮರಗಳು ಒಂದೇ ವರ್ಷದೊಳಗೆ ಎರಡನೇ ಸಲ ಹೂಬಿಟ್ಟಿದ್ದವು. ನೋಡಲು ಚೆಂದವಾಗಿತ್ತು. ನಾನು ಲಕೋಟೆಗಳ ಕಡೆ ತಿರುಗಿಕೊಂಡೆ.

*

ಅಂದು ಸಂಜೆ ಅವಳು ಗಂಡನ ಮುಂದೆ ಈ ವಿಷಯ ತೆಗೆದಳಂತೆ. ಅವನು ಬಾಗಿಲ ಮೆಟ್ಟಿಲ ಮೇಲೆ ಕೂತು ಕೀಲಿಕೈಯ ತುಕ್ಕು ಉಜ್ಜುತ್ತಿದ್ದ.

“ರೀ, ನಿಮ್ಮ ತೊಟ್ಟಿ ನೀರು ನಾಲ್ಕು ದಿನವೂ ನೀವು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಬಂದ್ರೆ ಏನ್ಮಾಡ್ತೀರಿ?”

“ಜಾಸ್ತಿ ಬರುತ್ತಾ? ಕನಸಲ್ಲಿ!” ಎಂದು ಅವನು ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. “ನೀರು ಹುಟ್ಟೋದೂ ಇಲ್ಲ, ಮಾಯವಾಗೋದೂ ಇಲ್ಲ ಕಣೇ. ಎಲ್ಲೋ ಕೂತಿದ್ದದ್ದು ಎದ್ದು ಬಂದಿರುತ್ತೆ. ನಿನ್ನ ಮಣ್ಣಿನ ತೊಟ್ಟಿ ಎಷ್ಟು ಆಳ?”

“ಆಳ ಅಂತ ಇಲ್ಲ. ಒಂದೇ ತೊಟ್ಟಿ.”

“ಅದ್ಹೇಗಾಗುತ್ತೆ? ನಮ್ಮ ಟ್ಯಾಂಕಲ್ಲೇ ನೋಡು. ಮೇಲಿನ ನೀರು ದಿನಾ ಬರುತ್ತೆ, ದಿನಾ ಹೋಗುತ್ತೆ. ಅಡಿಯ ಕೆಸರು ಹತ್ತು ವರ್ಷವಾದ್ರೂ ಕದಲಲ್ಲ. ಅದು ಇದೆ ಅಂತಾನೇ ಜನಕ್ಕೆ ಗೊತ್ತಿರಲ್ಲ. ಆದ್ರೆ ಒತ್ತಡ ಹೆಚ್ಚಿದ ಒಂದು ದಿನ ಅದೂ ಏಳುತ್ತೆ. ಒಂದ್ಸಲ ಎದ್ರೆ, ಬಾ ಅಂದ್ರೆ ಬರಲ್ಲ, ನಿಲ್ಲು ಅಂದ್ರೆ ನಿಲ್ಲಲ್ಲ. ಊರಿನ ನಲ್ಲಿಗಳಲ್ಲೆಲ್ಲ ಅದೇ.”

ಒಳಗಿಂದ ಅತ್ತೆ, “ಗಂಡಹೆಂಡ್ತಿ ಕೂತು ಕೆಸರಿನ ಮಾತಾಡ್ತೀರಲ್ರೋ, ಬೇರೇನೂ ಸಿಗಲಿಲ್ವಾ?” ಎಂದು ಕೂಗಿದಳಂತೆ.

ಮರುದಿನ ಅವಳು ಐದು ತೊಟ್ಟಿಯ ಚಿತ್ರದಲ್ಲಿ ಮಣ್ಣಿನ ಚೌಕವನ್ನು ಅಡ್ಡಗೆರೆ ಎಳೆದು ಎರಡು ಮಾಡಿದಳು. ಮೇಲೆ, ಎಲೆ ಉದುರಿ ಕೊಳೆಯುವ, ಬೇಗ ಬಂದು ಬೇಗ ಹೋಗುವ ಮಣ್ಣು. ಕೆಳಗೆ, ಸಾವಿರಾರು ವರ್ಷದಿಂದ ಮಲಗಿರುವ ಮಣ್ಣು. ಆ ಕೆಳಗಿನದಕ್ಕೆ ಯಾವ ಸಂಖ್ಯೆ ಕೊಡುವುದು ಎಂದು ಗೊತ್ತಿರಲಿಲ್ಲ. ಗೊತ್ತಿರಬಹುದಾದವನು ಒಬ್ಬನಿದ್ದ. ರೈಲಿನಲ್ಲಿ ಆರು ಗಂಟೆಯ ದಾರಿ, ಅಲ್ಲೊಂದು ಕಾಡಿನ ಸಂಶೋಧನಾ ಕೇಂದ್ರ. ಹಳೆಯ ಪತ್ರಗಳ ಕಟ್ಟಿನಿಂದ ವಿಳಾಸ ಹುಡುಕಿಕೊಟ್ಟವನು ನಾನೇ. ಹಾಗಾಗಿ, “ನೀನೂ ಬಾ, ಒಬ್ಬಳಿಗೆ ಬೇಜಾರು” ಎಂದು ನನ್ನನ್ನೂ ಎಳೆದುಕೊಂಡು ಹೋದಳು.

*

ಮಣ್ಣಿನವನು ಎಂದೇ ಎಲ್ಲರೂ ಕರೆಯುವ ಆ ಮನುಷ್ಯ ಮೊಣಕಾಲವರೆಗಿನ ಬೂಟು ಹಾಕಿಕೊಂಡು ಗೇಟಿನಲ್ಲೇ ಕಾಯುತ್ತಿದ್ದ. ಮಾತು ಕಡಿಮೆ. ಮರಗಳ ನಡುವೆ ಕಾಲುದಾರಿಯಲ್ಲಿ ಕರೆದುಕೊಂಡು ಹೋಗಿ ಎರಡು ಚೌಕ ನೆಲ ತೋರಿಸಿದ. ಎರಡೂ ಒಂದೇ ಥರ, ಒಣಗಿದ ಎಲೆ, ಬೇರು, ಪಾಚಿ. ಆದರೆ ಒಂದರ ಕೆಳಗೆ ತಂತಿ ಹೂತು ಇಪ್ಪತ್ತಾರು ವರ್ಷದಿಂದ ನೆಲವನ್ನು ನಾಲ್ಕು ಡಿಗ್ರಿ ಹೆಚ್ಚು ಬಿಸಿ ಇಟ್ಟಿದ್ದರು. ಮುಂದೆ ಭೂಮಿ ಅಷ್ಟು ಬಿಸಿಯಾದರೆ ಮಣ್ಣು ಏನು ಮಾಡುತ್ತದೆ ಎಂದು ಈಗಲೇ ನೋಡುವುದಕ್ಕೆ.

ಅವನು ಬಿಸಿ ಮಾಡದ ನೆಲದ ಮೇಲೆ ಒಂದು ಬೋಗುಣಿಯಂಥ ಮುಚ್ಚಳವನ್ನು ಕವುಚಿ ಹಾಕಿದ. ಮುಚ್ಚಳದಿಂದ ಕೊಳವೆ, ಕೊಳವೆಯ ತುದಿಗೆ ಅಂಕಿ ತೋರಿಸುವ ಪೆಟ್ಟಿಗೆ. ಅಂಕಿ ನಿಧಾನಕ್ಕೆ ಏರಿತು. ನೆಲ ಉಸಿರಾಡುತ್ತಿತ್ತು. ಆಮೇಲೆ ಅದೇ ಮುಚ್ಚಳವನ್ನು ಬಿಸಿ ನೆಲದ ಮೇಲಿಟ್ಟ. ಅಂಕಿ ಓಡಿತು. ಸುತ್ತ ಹಕ್ಕಿಗಳು ಎಂದಿನಂತೆ ಕೂಗುತ್ತಿದ್ದವು. ಕಾಲಿನ ಕೆಳಗೆ ಏನೋ ಮಲಗಿದ್ದು ಏದುಸಿರು ಬಿಡುತ್ತಿದೆ ಎನ್ನಿಸಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

“ಮೊದಲ ಎಂಟು ವರ್ಷ ಹೀಗೇ ಓಡ್ತು,” ಎಂದ ಮಣ್ಣಿನವನು. “ಆಮೇಲೆ ತಣ್ಣಗಾಯ್ತು. ಮೇಲಿನದೆಲ್ಲ ಖಾಲಿ ಆಗಿತ್ತು. ಎಲ್ಲರೂ ಬರೆದ್ರು, ಮಣ್ಣು ಒಗ್ಗಿಕೊಳ್ಳುತ್ತೆ, ಹೆದರಬೇಕಿಲ್ಲ ಅಂತ. ನಾನೂ ಹಾಗೇ ಅಂದ್ಕೊಂಡೆ. ಬರ್ತಿದ್ದ ದುಡ್ಡು ನಿಂತುಹೋಯ್ತು. ಆದ್ರೂ ನಾನು ತಂತಿ ಆರಿಸಲಿಲ್ಲ.”

“ಆಮೇಲೆ?” ಎಂದಳು ಅಕ್ಕ.

“ಹದಿನೇಳನೇ ವರ್ಷ ಮತ್ತೆ ಶುರುವಾಯ್ತು. ಈ ಸಲ ಕೆಳಗಿಂದ.”

“ನಿಂತಿತಾ?”

ಅವನು ಮುಚ್ಚಳ ಎತ್ತಿ ಅದರ ಅಂಚಿಗೆ ಅಂಟಿದ್ದ ಎಲೆಯನ್ನು ಬೆರಳಿನಿಂದ ತೆಗೆದ. “ನೀವೇ ನೋಡಿದ್ರಲ್ಲಮ್ಮಾ.”

ಇಪ್ಪತ್ತಾರು ವರ್ಷದ ಅಳತೆಗಳನ್ನು ಅವನು ಒಂದು ಕಡ್ಡಿಪೆಟ್ಟಿಗೆಯಷ್ಟು ಚಿಕ್ಕ ಸಾಧನದಲ್ಲಿ ಹಾಕಿಕೊಟ್ಟ. ಇಷ್ಟು ವರ್ಷದಲ್ಲಿ ಯಾರೂ ಬಂದು ಕೇಳಿರಲಿಲ್ಲವಂತೆ. ರೈಲಿನಲ್ಲಿ ಅಕ್ಕ ಅದನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಕೂತಿದ್ದಳು, ಚೀಲಕ್ಕೆ ಹಾಕಲಿಲ್ಲ.

*

ಲೆಕ್ಕ ಕಟ್ಟಲು ಎರಡು ತಿಂಗಳು ಹಿಡಿಯಿತು. ಆರು ತೊಟ್ಟಿ. ಮೇಷ್ಟ್ರ ಕಡಿವಾಣದ ಸಾಲನ್ನು ತೆಗೆದುಹಾಕಿದಳು. ಆಮೇಲೆ ಪರೀಕ್ಷೆ. ಅದು ನನಗೂ ಅರ್ಥವಾಗುವಂಥದ್ದು. ಅರವತ್ತು ವರ್ಷದ ಅಳತೆಗಳಿವೆ. ಮೊದಲ ಮೂವತ್ತನ್ನು ಮಾತ್ರ ಚಿಕ್ಕದಕ್ಕೆ ತೋರಿಸಿ, ಉಳಿದ ಮೂವತ್ತನ್ನು ಮುಚ್ಚಿಟ್ಟು, ಹೇಳು ನೋಡೋಣ ಎನ್ನುವುದು. ಹಳೆಯ ಚಿಕ್ಕದು ಹತ್ತು ವರ್ಷ ಸರಿಯಾಗಿ ಹೇಳಿ ಆಮೇಲೆ ದಾರಿ ತಪ್ಪಿತು. ಹೊಸದು ಮೂವತ್ತೂ ವರ್ಷ ಅಳತೆಯ ಗೆರೆಯ ಮೇಲೆ ಬೆರಳಿಟ್ಟಂತೆ ನಡೆಯಿತು.

ಅವಳು ಅಷ್ಟಕ್ಕೂ ನಂಬಲಿಲ್ಲ. ಗೊತ್ತಿಲ್ಲದ ಸಂಖ್ಯೆಗಳನ್ನೆಲ್ಲ ಹೆಚ್ಚುಕಡಿಮೆ ಮಾಡಿ ಹತ್ತು ಸಾವಿರ ಚಿಕ್ಕದುಗಳನ್ನು ಮಾಡಿದಳು. ಹತ್ತು ಸಾವಿರ ಭೂಮಿ. ಯಾವ ಯಾವುದು ಕಳೆದ ಅರವತ್ತು ವರ್ಷವನ್ನು ಸರಿಯಾಗಿ ಹೇಳುತ್ತದೋ ಅದನ್ನಷ್ಟೇ ಉಳಿಸಿಕೊಂಡು ಉಳಿದದ್ದನ್ನೆಲ್ಲ ಜರಡಿ ಹಿಡಿದು ಚೆಲ್ಲಿದಳು. ನೂರನಲವತ್ತು ಉಳಿದವು. ಆ ನೂರನಲವತ್ತನ್ನು ಮುಂದಕ್ಕೆ ಓಡಿಸಿದಳು.

ಮಧ್ಯಾಹ್ನ ಮೂರು ಗಂಟೆ. ನಾನು ಅಂಚೆಚೀಟಿ ಹಚ್ಚುತ್ತಿದ್ದೆ. ಎದುರಿನ ಮೇಜಿನಿಂದ ಕೀಲಿಮಣೆಯ ಸದ್ದು ನಿಂತು ಬಹಳ ಹೊತ್ತಾಗಿದೆ ಎಂದು ಆಗ ಗಮನಿಸಿದೆ.

“ಏನಾಯ್ತಕ್ಕ?”

“ಒಂಬತ್ತು ವರ್ಷ,” ಎಂದಳು. “ಸೆಖೆ ಇಷ್ಟಾಗುತ್ತೆ, ನೀರು ಇಷ್ಟೇರುತ್ತೆ ಅಂತ ನಾವು ಎಲ್ಲರಿಗೂ ಯಾವ ವರ್ಷ ಹೇಳಿದೀವೋ, ಅದು ಒಂಬತ್ತು ವರ್ಷ ಮುಂಚೆ ಬರುತ್ತೆ.”

ಅಂದಿನಿಂದ ಅವಳು ಹುಡುಕಲು ಶುರುಮಾಡಿದಳು. ತನ್ನದೇ ತಪ್ಪನ್ನು. ಇಪ್ಪತ್ತೈದು ಪುಟವನ್ನು ಮುದ್ರಿಸಿ ಸಾಲು ಸಾಲಿಗೂ ಸ್ಕೇಲು ಇಟ್ಟು ಓದಿದಳು. ಹಿಂದಿನಿಂದ ಮುಂದಕ್ಕೆ ಓದಿದಳು. ನನ್ನ ಕೈಯಲ್ಲಿ ಜೋರಾಗಿ ಓದಿಸಿ ತಾನು ಕಣ್ಣುಮುಚ್ಚಿ ಕೇಳಿದಳು. ಊಟ ಮರೆತಳು. ಇಡೀ ಜನ್ಮದಲ್ಲಿ ಮೊದಲ ಸಲ ತನ್ನ ಲೆಕ್ಕ ತಪ್ಪಾಗಿರಲಿ ಎಂದು ಹಂಬಲಿಸುತ್ತಿದ್ದಳು.

ಐದನೇ ವಾರ, ಒಂದು ಬೆಳಿಗ್ಗೆ, “ಸಿಕ್ತು!” ಎಂದು ಕೂಗಿದಳು. ನಾನು ಮೇಜು ದಾಟಿ ಓಡಿದೆ. ಅವಳ ಮುಖ ಅರಳಿತ್ತು. “ನೋಡಿಲ್ಲಿ. ಸಮುದ್ರದ ತೊಟ್ಟಿ. ಇಲ್ಲಿ ಕಳೀಬೇಕು, ಕೂಡಿಬಿಟ್ಟಿದೀವಿ. ಮೇಷ್ಟ್ರ ಕಾಲದಿಂದ ಹೀಗೇ ಇದೆ! ಯಾರೂ ನೋಡಿಲ್ಲ!” ಇಬ್ಬರೂ ಹುಚ್ಚರಂತೆ ನಕ್ಕೆವು. ಅವಳು ಕೂಡಿಸುವ ಚಿಹ್ನೆ ಅಳಿಸಿ ಕಳೆಯುವ ಚಿಹ್ನೆ ಹಾಕಿದಳು. ಹತ್ತು ಸಾವಿರ ಭೂಮಿಗಳನ್ನೂ ಮತ್ತೆ ಜರಡಿ ಹಿಡಿದಳು. ಕಂಪ್ಯೂಟರು ರಾತ್ರಿಯಿಡೀ ಓಡಿತು. ಮರುದಿನ ನಾನು ನೀರು ತರಲು ಹೋಗಿ ಬರುವಷ್ಟರಲ್ಲಿ ಉತ್ತರ ಬಂದಿತ್ತು.

ಬಿಸಿಯಾದ ಸಮುದ್ರ ಕಡಿಮೆ ಇಂಗಾಲ ಕುಡಿಯುತ್ತದೆ. ನಮ್ಮ ತಪ್ಪು ಚಿಹ್ನೆಯಿಂದಾಗಿ ಅದು ಹೆಚ್ಚು ಕುಡಿಯುತ್ತಿತ್ತು. ಸರಿಮಾಡಿದ ಮೇಲೆ ನೂರನಲವತ್ತರ ಬದಲು ಮುನ್ನೂರಹನ್ನೆರಡು ಭೂಮಿಗಳು ಹಳೆಯ ಅಳತೆಗೆ ಹೊಂದಿದವು. ಅಂದರೆ ಈಗ ಲೆಕ್ಕ ಇನ್ನೂ ಗಟ್ಟಿ. ಒಂಬತ್ತು ವರ್ಷ ಇದ್ದದ್ದು ಹನ್ನೊಂದಾಗಿತ್ತು.

ಅವಳು ಲೋಟ ತೆಗೆದುಕೊಂಡು ನೀರು ಕುಡಿಯದೆ ಹಾಗೇ ಹಿಡಿದುಕೊಂಡಿದ್ದಳು.

*

ಮೇಷ್ಟ್ರು ಊರ ಹೊರಗೆ ತಮ್ಮ ತಂಗಿಯ ಮನೆಯಲ್ಲಿದ್ದರು. ಕಣ್ಣು ಮಂಜಾಗಿತ್ತು, ಬುದ್ಧಿ ಚುರುಕಾಗಿಯೇ ಇತ್ತು. ಅಕ್ಕ ಹೇಳಿದ್ದನ್ನೆಲ್ಲ ಮಧ್ಯೆ ಬಾಯಿ ಹಾಕದೆ ಕೇಳಿದರು. ತಂಗಿ ತಂದಿಟ್ಟ ಕಾಫಿ ಆರಿಹೋಯಿತು.

“ಆ ಸಾಲು ಯಾಕೆ ಹಾಕಿದ್ರಿ ಮೇಷ್ಟ್ರೇ?”

“ಆಗ ಲೆಕ್ಕ ಒಂದು ಹೇಳ್ತಿತ್ತು, ಅಳತೆ ಇನ್ನೊಂದು ಹೇಳ್ತಿತ್ತಮ್ಮಾ. ಮಣ್ಣು ಏದುಸಿರು ಬಿಡಬೇಕು ಅಂತ ಲೆಕ್ಕ. ಅಳತೆ ನೋಡಿದ್ರೆ ಮಣ್ಣು ತಣ್ಣಗಿದೆ. ಅಳತೆನ ನಂಬಬೇಕಲ್ಲ? ಕಡಿವಾಣ ಹಾಕಿದೆ.”

“ಅದರಲ್ಲಿ ತಪ್ಪಿಲ್ಲ. ನಾನಾಗಿದ್ರೂ ಹಾಗೇ ಮಾಡ್ತಿದ್ದೆ.”

“ಇಲ್ಲ. ಪೂರ್ತಿ ಕೇಳು.” ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. “ಮಣ್ಣು ಯಾಕೆ ತಣ್ಣಗಿದೆ ಅಂತ ನಾನು ಕೇಳ್ಕೊಳ್ಳಲಿಲ್ಲ. ಕೇಳಬಹುದಿತ್ತು. ಕಡಿವಾಣ ಇಲ್ಲದೆ ಓಡಿಸಿದಾಗ ಬಂದ ಉತ್ತರ ನೋಡಿ ನನ್ನ ಎದೆ ಧಸಕ್ಕೆಂದಿತ್ತು. ಕಡಿವಾಣ ಹಾಕಿದ ಮೇಲೆ ಬಂದ ಉತ್ತರ ನೋಡಿ ಸಮಾಧಾನ ಆಯ್ತು. ಸಮಾಧಾನ ಆದ ಮೇಲೆ ಯಾರು ಪ್ರಶ್ನೆ ಕೇಳ್ತಾರೆ?”

ಆಮೇಲೆ ನಮ್ಮ ಕಡೆ ತಿರುಗಿ, “ಎಷ್ಟು ಪತ್ರ ಹೋಗಿದೆ?” ಎಂದರು.

ಅಕ್ಕ ನನ್ನ ಕಡೆ ನೋಡಿದಳು. “ನಾನೂರಹದಿನೇಳು,” ಎಂದೆ. ನನ್ನ ದಾಖಲೆ ಪುಸ್ತಕದಲ್ಲಿ ಪ್ರತಿಯೊಂದೂ ಇತ್ತು.

ನಾವು ಹೊರಡುವಾಗ ಮೇಷ್ಟ್ರು ಬಾಗಿಲವರೆಗೆ ಗೋಡೆ ಹಿಡಿದುಕೊಂಡು ಬಂದು, “ಆ ಚಿಹ್ನೆ ನಿಜವಾಗ್ಲೂ ನಾನೇ ಹಾಕಿದ್ದಾ?” ಎಂದು ಕೇಳಿದರು. ಅಕ್ಕ, “ನನಗೆ ಸರಿಯಾಗಿ ನೆನಪಿಲ್ಲ ಮೇಷ್ಟ್ರೇ, ನಾನು ಟೈಪ್ ಮಾಡುವಾಗಲೇ ಆಗಿರಬಹುದು,” ಎಂದಳು. ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮುಖ್ಯಸ್ಥರು ಮಾತ್ರ ಜಗ್ಗಲಿಲ್ಲ. “ಹತ್ತೊಂಬತ್ತು ವರ್ಷ ಒಂದು ಮಾತು ಹೇಳಿ, ಈಗ ಅದಲ್ಲ ಇದು ಅಂದ್ರೆ ಜನ ಮುಖಕ್ಕೆ ಉಗೀತಾರೆ. ದೊಡ್ಡದು ಏನು ಹೇಳುತ್ತೆ ನೋಡೋಣ.”

“ದೊಡ್ಡದರಲ್ಲೂ ಮಣ್ಣಿಗೆ ಒಂದೇ ತೊಟ್ಟಿ ಸರ್. ನಮ್ಮನ್ನ ನೋಡಿಯೇ ಬರ್ಕೊಂಡಿದ್ದು.”

ಅವರು ತುಸು ಬಿಳಿಚಿಕೊಂಡರು. ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಮುಂದಿನ ಅಳತೆ ಬರಲು ಏಳು ತಿಂಗಳಿತ್ತು. ಹಳೆಯ ಚಿಕ್ಕದು ಹೇಳುವ ಸಂಖ್ಯೆ, ಹೊಸದು ಹೇಳುವ ಸಂಖ್ಯೆ ಎರಡನ್ನೂ ಈಗಲೇ ಬರೆದಿಡುವುದು. ಬೆಟ್ಟದ ಮೇಲಿಂದ ಬರುವ ಅಳತೆ ಯಾವುದಕ್ಕೆ ಹತ್ತಿರವೋ ಅದನ್ನು ನಂಬುವುದು. ಹೊಸದು ಗೆದ್ದರೆ ಪತ್ರಗಳಿಗೆ ಅವರೇ ಅನುಮತಿ ಕೊಡುವುದು.

ಆ ಏಳು ತಿಂಗಳು ಎಂದರೆ ಈಗಲೂ ನನಗೆ ಬೇಸರ. ಬಿಸಿಲು ಕಾಲ ಮುಗಿಯಬೇಕಾದಾಗ ಮುಗಿಯಲಿಲ್ಲ. ಊರ ಕೆರೆಯ ನೀರು ಹಸಿರಾಗಿ, ದಡದಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಒಂದು ವಾರ ಆ ವಾಸನೆ ಎರಡನೇ ಮಹಡಿಗೂ ಬರುತ್ತಿತ್ತು, ಕಿಟಕಿ ಮುಚ್ಚಿದರೆ ಉಸಿರುಗಟ್ಟುತ್ತಿತ್ತು. ಅಕ್ಕನ ಗಂಡ ದಿನಕ್ಕೆ ಎರಡು ಗಂಟೆ ಬಿಡುತ್ತಿದ್ದ ನೀರನ್ನು ಒಂದು ಗಂಟೆಗೆ ಇಳಿಸಿದ. ಜನ ಅವನ ಮೇಲೆ ರೇಗಿದರು, ಒಬ್ಬಳು ಬಿಂದಿಗೆ ಎಸೆದಳಂತೆ. ಅಕ್ಕ ಎಂದಿನಂತೆ ಒಂಬತ್ತಕ್ಕೆ ಬಂದು ಐದಕ್ಕೆ ಹೋಗುತ್ತಿದ್ದಳು. ಹೊಸ ಪ್ರಶ್ನೆ ಕೇಳಿ ಬಂದ ಪತ್ರಗಳಿಗೆ ಉತ್ತರ ಬರೆಯಲಿಲ್ಲ. ಕಟ್ಟಿ ಪಕ್ಕಕ್ಕಿಟ್ಟಳು.

*

ಅಳತೆ ಒಂದು ಗುರುವಾರ ಬಂತು. ಮುಖ್ಯಸ್ಥರೇ ಹಾಳೆ ಹಿಡಿದುಕೊಂಡು ಬಂದರು. ಅವರ ನಡಿಗೆಯಲ್ಲೇ ಗೊತ್ತಾಯಿತು. ಹೊಸ ಚಿಕ್ಕದು ಹೇಳಿದ ಸಂಖ್ಯೆಗೂ ಅಳತೆಗೂ ಕೂದಲೆಳೆಯ ವ್ಯತ್ಯಾಸ. ಆ ಕೂದಲೆಳೆಯೂ ಕೆಟ್ಟ ಕಡೆಗೇ ಇತ್ತು.

ಮುಖ್ಯಸ್ಥರು, “ನೀವು ಹೇಳಿದ್ದೇ ಸರಿ,” ಎಂದರು. ಆ ಮಾತು ಶೋಕಸಭೆಯಲ್ಲಿ ಆಡಿದಂತಿತ್ತು. ಅಕ್ಕ ತಲೆಯಾಡಿಸಿ ಬಚ್ಚಲಮನೆಗೆ ಹೋದಳು. ನಲ್ಲಿ ತಿರುಗಿಸಿದ ಸದ್ದು ಕೇಳಿತು, ಬಹಳ ಹೊತ್ತು ನಿಲ್ಲಲಿಲ್ಲ. ಗಂಡ ಹನಿ ಹನಿ ನೀರು ಲೆಕ್ಕ ಹಾಕಿ ಬಿಡುವ ಕಾಲದಲ್ಲಿ ಅವಳು ನೀರು ಪೋಲು ಮಾಡಿದಳೆಂದರೆ ಒಳಗೆ ಏನಾಗಿತ್ತೋ ಎಂದು ಊಹಿಸಿದೆ. ಹೊರಬಂದವಳ ಕಣ್ಣು ಕೆಂಪಗಿದ್ದವು. “ಪುಸ್ತಕ ತೆಗಿ,” ಎಂದಳು. “ಒಂದನೇ ಪತ್ರದಿಂದ ಶುರು ಮಾಡೋಣ.”

ಪತ್ರ ಎಂಟೇ ಸಾಲಿನದು. ಮೂರನೇ ಸಾಲು: ‘ನಾವು ಈ ಹಿಂದೆ ನಿಮಗೆ ಕೊಟ್ಟ ಉತ್ತರ ತಪ್ಪಾಗಿತ್ತು.’ ಮುಖ್ಯಸ್ಥರು ಅದನ್ನು ‘ಪರಿಷ್ಕರಿಸಲಾಗಿದೆ’ ಎಂದು ಮಾಡಿ ಎಂದು ಕೇಳಿಕೊಂಡರು. ಅವಳು ಒಪ್ಪಲಿಲ್ಲ. ಆಮೇಲೆ ಹಳೆಯ ವರ್ಷ, ಹೊಸ ವರ್ಷ, ಎಷ್ಟು ಖಚಿತ, ಎಷ್ಟು ಅನುಮಾನ. ಅನುಮಾನವನ್ನು ಅವಳು ಮುಚ್ಚಿಡಲಿಲ್ಲ. ಮುನ್ನೂರಹನ್ನೆರಡು ಭೂಮಿಗಳಲ್ಲಿ ನಲವತ್ತು ಇಷ್ಟೊಂದು ಕೆಟ್ಟದಾಗಿಲ್ಲ ಎಂದೂ ಬರೆದಳು. ಇಪ್ಪತ್ತಮೂರು ಇನ್ನೂ ಕೆಟ್ಟದಾಗಿವೆ ಎಂದೂ ಬರೆದಳು. ದಿನಕ್ಕೆ ಹದಿನೈದು, ಇಪ್ಪತ್ತು ಪತ್ರ. ಒಂದೊಂದಕ್ಕೂ ಆ ಊರಿನ ಲೆಕ್ಕ ಬೇರೆಯಾಗಿ ಮಾಡಿ ಸಹಿ ಹಾಕಿದಳು.

ಇನ್ನೂರರ ಆಸುಪಾಸಿನಲ್ಲಿ ನಮ್ಮೂರಿನ ನೀರಿನ ಮಂಡಳಿಯ ಹೆಸರು ಬಂತು. ಆರು ವರ್ಷದ ಹಿಂದೆ ಅವರು ಹೊಸ ಜಲಾಶಯ ಕಟ್ಟುವ ಮೊದಲು ಕೇಳಿದ್ದರು. ಅಕ್ಕನ ಉತ್ತರ ನೋಡಿಯೇ ಅದರ ಅಳತೆ ನಿಗದಿಯಾಗಿತ್ತು. ಗಂಡನಿಗೆ ಅದರ ಬಗ್ಗೆ ಎಷ್ಟು ಹೆಮ್ಮೆಯೆಂದರೆ ಮನೆಗೆ ಬಂದವರನ್ನೆಲ್ಲ ಕರೆದುಕೊಂಡು ಹೋಗಿ ತೋರಿಸುತ್ತಿದ್ದ. ಅವಳು ಆ ಪತ್ರಕ್ಕೂ ಸಹಿ ಹಾಕಿದಳು. ನಾನು ಲಕೋಟೆ ಮುಚ್ಚಲು ಹಿಂದೆಮುಂದೆ ನೋಡಿದೆ. “ಮೊದಲು ಭಾವನ ಹತ್ರ ಒಂದು ಮಾತು ಹೇಳಿದ್ರೆ ಒಳ್ಳೇದಲ್ವಾ?” ಎಂದೆ.

“ಬೇರೆಯವರಿಗೆಲ್ಲ ಟಪಾಲಿನಲ್ಲಿ ಕಳಿಸಿ, ಅವರಿಗೆ ಮಾತ್ರ ಮನೆಯಲ್ಲಿ ಹೇಳಲಾ? ಆಗಲ್ಲ. ಹಾಕು.”

ನಾಲ್ಕು ದಿನ ಬಿಟ್ಟು ಅವನು ಕೆಲಸದಿಂದ ಬಂದು ಕೀಲಿಕೈಯನ್ನು ಗೋಡೆಗೆ ಒರಗಿಸದೆ ಕೈಯಲ್ಲೇ ಹಿಡಿದುಕೊಂಡು ನಿಂತನಂತೆ. “ಇಂಜಿನಿಯರ್ ಸಾಹೇಬ್ರು ಕರೆಸಿದ್ರು. ನಿನ್ನ ಹೆಂಡತಿ ಆವಾಗ ಅಷ್ಟು ಸಾಕು ಅಂದಿದ್ಲು, ಈಗ ಸಾಲಲ್ಲ ಅಂತಾಳೆ, ಮನೇಲಿ ಏನು ಮಾತಾಡ್ತೀರಿ ಅಂತ ಎಲ್ಲರ ಮುಂದೆ ಕೇಳಿದ್ರು.”

“ನೀವೇನಂದ್ರಿ?”

“ಕೆಸರಿನ ಮಾತಾಡ್ತೀವಿ ಅಂದೆ.” ಅವನು ನಗಲಿಲ್ಲ. “ಸಾಲಲ್ಲ ಅನ್ನೋದು ನಿಜಾನಾ?”

“ಕಟ್ಟಿದ ಹನ್ನೆರಡು ವರ್ಷಕ್ಕೆ ಅದರ ಅಡಿ ಕಾಣುತ್ತೆ. ಇಪ್ಪತ್ತಮೂರಕ್ಕೆ ಅಂತ ಹೇಳಿದ್ದೆ.”

ಮಾರನೆಯ ದಿನ ಅತ್ತೆ ಬಂದವರ ಮುಂದೆ ತನ್ನ ಹಳೆಯ ತಮಾಷೆ ಹೇಳಲಿಲ್ಲವಂತೆ. ಬದಲಿಗೆ ಸೊಸೆಯನ್ನು ಅಡಿಗೆಮನೆಯ ಮೂಲೆಗೆ ಕರೆದು, “ನನ್ನ ಕಾಲ ಮುಗೀತು ಬಿಡು. ನಿಮಗೆ ತೊಂದರೆ ಆಗುತ್ತೇನೇ?” ಎಂದು ಮೆಲ್ಲಗೆ ಕೇಳಿದಳಂತೆ. ಇದನ್ನು ನನಗೆ ಹೇಳಿ ಅಕ್ಕ ಮುಂದಿನ ಪತ್ರ ಎಳೆದುಕೊಂಡಳು.

ನಾನೂರಹದಿನೇಳು ಪತ್ರಗಳಲ್ಲಿ ಅರವತ್ತೊಂದಕ್ಕೆ ‘ತಲುಪಿದೆ’ ಎಂಬ ಒಂದು ಸಾಲಿನ ಉತ್ತರ ಬಂತು. ಒಂಬತ್ತು ಊರಿನವರು ಪ್ರಶ್ನೆ ಕೇಳಿದರು, ಅದರಲ್ಲಿ ಮೂರು ಒಳ್ಳೆಯ ಪ್ರಶ್ನೆ. ಒಬ್ಬ ಅಧ್ಯಕ್ಷರು ನಾಲ್ಕು ಪುಟ ಬೈದು ಬರೆದರು. ಕಡಲತೀರದ ಒಂದು ಊರಿನವರು ತಗ್ಗಿನಲ್ಲಿ ಶುರುಮಾಡಿದ್ದ ಆಸ್ಪತ್ರೆಯ ಪಾಯವನ್ನು ನಿಲ್ಲಿಸಿ ಮೇಲಿನ ಜಾಗ ನೋಡುತ್ತಿದ್ದೇವೆ ಎಂದು ಬರೆದರು. ಅದೊಂದನ್ನು ಅಕ್ಕ ಮೇಜಿನ ಗಾಜಿನ ಕೆಳಗಿಟ್ಟುಕೊಂಡಳು. ನಮ್ಮೂರಿನ ಮಂಡಳಿ ಜಲಾಶಯದ ಕಟ್ಟೆ ಎತ್ತರಿಸುವ ಬಗ್ಗೆ ಸಮಿತಿ ಮಾಡಿತು. ಸಮಿತಿ ಈಗಲೂ ಇದೆ. ಹನ್ನೊಂದು ಪತ್ರಗಳು ತಲುಪದೆ ವಾಪಸು ಬಂದವು. ಹತ್ತು ವಿಳಾಸ ಬದಲಾಗಿದ್ದಕ್ಕೆ. ಹನ್ನೊಂದನೆಯದು ನೀರಲ್ಲಿ ನೆನೆದು ಉಬ್ಬಿತ್ತು, ಮೇಲೆ ಯಾರೋ ಪೆನ್ಸಿಲಿನಲ್ಲಿ, ‘ಈ ಬೀದಿ ಈಗ ಇಲ್ಲ’ ಎಂದು ಬರೆದಿದ್ದರು. ನಾನು ಅದನ್ನು ಅಕ್ಕನಿಗೆ ಮೂರು ದಿನ ತೋರಿಸಲಿಲ್ಲ.

ಮೇಷ್ಟ್ರು ಆ ವರ್ಷವೇ ತೀರಿಕೊಂಡರು. ಮುಖ್ಯಸ್ಥರು ವರ್ಗ ಕೇಳಿಕೊಂಡು ಹೋದರು. ದೊಡ್ಡದರಲ್ಲೂ ಈಗ ಮಣ್ಣಿಗೆ ಎರಡು ತೊಟ್ಟಿ. ಅದೂ ಮೂರು ತಿಂಗಳು ಯೋಚಿಸಿ ಅಕ್ಕ ಹೇಳಿದ್ದನ್ನೇ ಹೇಳಿತು. ಅವಳ ಹೆಸರನ್ನು ಎಲ್ಲೋ ಒಂದು ವರದಿಯ ಕೊನೆಯ ಪುಟದಲ್ಲಿ ಚಿಕ್ಕ ಅಕ್ಷರದಲ್ಲಿ ಹಾಕಿದರು. ಅವಳಿಗೆ ನಿವೃತ್ತಿಗೆ ಇನ್ನು ಎರಡು ವರ್ಷವಿದೆ.

ಕಳೆದ ವಾರ ಉತ್ತರದ ಯಾವುದೋ ದೇಶದಿಂದ ಅವಳ ಹೆಸರಿಗೇ ಒಂದು ಪತ್ರ ಬಂತು. ಬರೆದವಳು ಒಬ್ಬ ಹೆಂಗಸು, ವರ್ಷವಿಡೀ ಹೆಪ್ಪುಗಟ್ಟಿರುವ ನೆಲಕ್ಕೆ ಕೊಳವೆ ಇಳಿಸಿ ಬಿಸಿ ನೋಡುವುದು ಅವಳ ಕೆಲಸವಂತೆ. ವಿನಯದಿಂದ ಬರೆದಿದ್ದಳು. ನಿಮ್ಮ ಲೆಕ್ಕ ನೋಡಿದೆ, ಬಹಳ ಚೆನ್ನಾಗಿದೆ, ಆದರೆ ಅದರಲ್ಲಿ ನಮ್ಮ ನೆಲಕ್ಕೆ ತೊಟ್ಟಿಯೇ ಇಲ್ಲವಲ್ಲ, ಇಲ್ಲಿ ಕರಗಲು ಶುರುವಾಗಿದೆ, ಅಳತೆಗಳನ್ನು ಜೊತೆಗಿಟ್ಟಿದ್ದೇನೆ.

ಅಕ್ಕ ಪತ್ರವನ್ನು ಎರಡು ಸಲ ಓದಿ ಮಡಿಸಿಟ್ಟಳು. ಕುರ್ಚಿ ಮುಂದಕ್ಕೆಳೆದುಕೊಂಡು ಏಳನೇ ತೊಟ್ಟಿಗೆ ಜಾಗ ಮಾಡತೊಡಗಿದಳು.

“ಏನು ಬರಬಹುದು ಅಕ್ಕ?” ಎಂದೆ.

“ಗೊತ್ತಿಲ್ಲ,” ಎಂದಳು, ಪರದೆಯಿಂದ ಕಣ್ಣು ತೆಗೆಯದೆ. “ಬಾಗಿಲು ಹಾಕ್ಕೊಂಡು ಬಾ. ಆ ಅಂಕಿಗಳನ್ನ ಒಂದೊಂದೇ ನಿಧಾನಕ್ಕೆ ಓದು.”

ನಾನು ಓದಿದೆ. ಅವಳು ತುಂಬುತ್ತಾ ಹೋದಳು.